ಬಾಡಿಗೆ ಮನೆಯ ಮೇಷ್ಟ್ರು

ಮೇಷ್ಟ್ರ ಬಲಗೈ ಬೆರಳುಗಳನ್ನು ಸುಣ್ಣ ತಿಂದುಹಾಕಿತ್ತು. ತುದಿಗಳು ಬಿರಿದು, ಉಗುರಿನ ಸಂದಿಯಲ್ಲಿ ಬಿಳಿ ಗೆರೆ ಕೂತು, ನೋಡಿದವರು ಅದನ್ನು ಗಾರೆ ಕೆಲಸದವನ ಕೈ ಎಂದೇ ಹೇಳುತ್ತಿದ್ದರು. ಪಿರಿಯಾಪಟ್ಟಣದ ಪ್ರೈಮರಿ ಸ್ಕೂಲಿನಲ್ಲಿ ಅವರು ಲೆಕ್ಕ ಹೇಳಿಕೊಡುತ್ತಿದ್ದರು. ನಾನು ಅವರ ಶಿಷ್ಯನಲ್ಲ. ಅವರು ನನ್ನ ಬಾಡಿಗೆದಾರರು.

ಸೋದರಮಾವ ತೀರಿಕೊಂಡು ಆ ಊರಿನ ಮನೆ ನನ್ನ ಪಾಲಿಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಹುಣಸೂರಿನಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದೆ. ಮನೆ ಮಾರಿಬಿಡೋಣವೆಂದು ಎಷ್ಟು ಓಡಾಡಿದರೂ ಕೊಳ್ಳುವವರೇ ಇರಲಿಲ್ಲ. ನಡುಮನೆಯಲ್ಲಿ ಹಗಲಲ್ಲೂ ದೀಪ ಬೇಕು. ಬಚ್ಚಲ ನೀರು ಗೋಡೆಗೆ ಇಂಗಿ ಅಡುಗೆಮನೆಯಲ್ಲಿ ಸದಾ ಮುಗ್ಗಲು ವಾಸನೆ. ನೋಡಲು ಬಂದ ಮೇಷ್ಟ್ರು ಗೋಡೆಯ ಮೇಲೆ ಕೈಯಿಟ್ಟು, "ಗೋಡೆ ಗಟ್ಟಿ ಅದೆ. ಗಾಳಿ ಕಾಣ್ದೆ ಸೊರಗಿದೆ, ಅಷ್ಟೆ," ಎಂದರು. ಅಂದೇ ಬಾಡಿಗೆಗೆ ಹಿಡಿದರು.

ಬಂದ ತಿಂಗಳಲ್ಲೇ ಅವರಿಂದ ಒಂದು ಕಾರ್ಡು ಬಂತು. ಅಡುಗೆಮನೆಯ ಸೂರಿಗೆ ಒಂದು ಗಾಜಿನ ಹೆಂಚು ಹಾಕಿಕೊಳ್ಳಬಹುದೇ, ಖರ್ಚು ತಮ್ಮದೇ ಎಂದು. ಆಗಲಿ ಎಂದು ಬರೆದೆ. ಆಮೇಲೆ ನಡುಮನೆಗೊಂದು ಕಿಟಕಿ ಬಂತು. ಬಚ್ಚಲ ನೀರಿಗೆ ಮೋರಿಯಾಯಿತು, ಮೋರಿಯ ಕೊನೆಯಲ್ಲಿ ಎರಡು ಬಾಳೆ ಎದ್ದವು. ಭಾನುವಾರ ಬಂತೆಂದರೆ ಅವರು ಪಂಚೆ ಎತ್ತಿ ಕಟ್ಟಿ, ಗಾರೆ ಮೆತ್ತುವ ಕರಣೆ ಹಿಡಿದು ಕೂತುಬಿಡುತ್ತಿದ್ದರು.

"ಬಾಡಿಗೆ ಮನೆಗೆ ಯಾಕೆ ಮೇಷ್ಟ್ರೇ ಇಷ್ಟು ಕಷ್ಟ?" ಎಂದು ಒಮ್ಮೆ ಕೇಳಿದೆ.

"ಮನೆ ನಿಮ್ದು, ಸರಿ. ಅದ್ರೊಳಗೆ ಕಳೆಯೋ ದಿನ ನಮ್ದಲ್ವಾ?" ಎಂದರು.

ಎರಡು ವರ್ಷವಾಗಿತ್ತು. ಪಿರಿಯಾಪಟ್ಟಣದಲ್ಲಿ ಮನೆ ಹುಡುಕುತ್ತಿದ್ದ ಕೊಡಗಿನ ಕಡೆಯ ಕಾಫಿ ವ್ಯಾಪಾರಿಯೊಬ್ಬರು ಆ ಮನೆಯನ್ನು ಬೀದಿಯಿಂದಲೇ ನೋಡಿ ಮೆಚ್ಚಿ, ನನ್ನ ಅಂಗಡಿಗೇ ಬಂದು ವಿಚಾರಿಸಿದರು. ಹಿಂದೆ ಯಾರೂ ಮೂಸಿ ನೋಡದ ಮನೆಗೆ ಅವರು ಹೇಳಿದ ಬೆಲೆ ಕೇಳಿ ಬೆರಗಾದೆ. ಒಪ್ಪಿ ಮುಂಗಡ ತೆಗೆದುಕೊಂಡ ಮೇಲೆಯೇ ಮೇಷ್ಟ್ರಿಗೆ ಹೇಳಲು ಹೋದದ್ದು.

ಅವರು ಬಚ್ಚಲಿಗೆ ಚಪ್ಪಡಿ ಕೂರಿಸುತ್ತಿದ್ದರು. ವಿಷಯ ಹೇಳಿದೆ. ಕರಣೆ ಕೆಳಗಿಡದೆಯೇ ಕೇಳಿಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಇದು ನಾಲ್ಕನೇ ಮನೆ ಕಣಪ್ಪ. ಇವ್ರು ಮನೆ ಚೆಂದ ಮಾಡ್ತಾರೆ, ಮನೆಯವ್ರು ಬಂದು ನಮ್ಮನ್ನ ಎಬ್ಬುಸ್ತಾರೆ," ಎಂದರು. ಆ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

"ಸುಮ್ಕಿರೆ," ಎಂದ ಮೇಷ್ಟ್ರು ನನ್ನ ಕಡೆ ತಿರುಗಿದರು. "ಇನ್ನೆರಡು ದಿನ ಕೊಡಿ. ಈ ಕಲ್ಲು ಅಲ್ಲಾಡ್ತದೆ. ಬರೋರು ಜಾರಿ ಬಿದ್ದಾರು."

ಆಗಲಿ ಎಂದು ಬಸ್ಸು ಹತ್ತಿದೆ. ಮೂರನೆಯ ದಿನ ಅವರು ಗಾಡಿಗೆ ಪಾತ್ರೆ ಪೆಟ್ಟಿಗೆ ಹೇರಿಕೊಂಡು ಕಂಪಲಾಪುರಕ್ಕೆ ಹೋದರಂತೆ. ಅಲ್ಲಿ ರೈತನೊಬ್ಬನ ಪಾಳು ಮನೆ ಸಿಕ್ಕಿತ್ತು. ಅಲ್ಲಿಂದಲೇ ಸೈಕಲ್ಲಿನಲ್ಲಿ ಸ್ಕೂಲಿಗೆ ಬರತೊಡಗಿದರು.

ನಾನು ಮನೆ ಮಾರಿದ ಹಣದಲ್ಲಿ ಹುಣಸೂರಿನಲ್ಲಿ ದೊಡ್ಡ ಮನೆ ಕೊಂಡೆ. ಅದರಲ್ಲಿ ಅಮ್ಮನ ಕೋಣೆ ಮಾತ್ರ ಕತ್ತಲು. ಕಣ್ಣು ಮಂಜಾಗಿದ್ದ ಅವಳು ಅಕ್ಕಿ ಆರಿಸಬೇಕೆಂದರೂ ಬೀದಿ ಜಗಲಿಗೆ ಬರಬೇಕಿತ್ತು. ನಾಚಿಕೆ ಬಿಟ್ಟು ಮೇಷ್ಟ್ರಿಗೆ ಬರೆದೆ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಮುಂದಿನ ಭಾನುವಾರವೇ ಅಂಥದೊಂದು ಬಸ್ಸಿನಲ್ಲಿ ಬಂದಿಳಿದರು, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು. "ನೀವು ಯಾವ ಕಡೆ ಮುಖ ಮಾಡಿ ಕೂರ್ತೀರಿ ತಾಯಿ?" ಎಂದು ಅಮ್ಮನನ್ನು ಕೇಳಿದರು. ಅವಳು ಕೂತು ತೋರಿಸಿದ ಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಿಟಕಿ ಬರೆದರು. ಗಾರೆಯವನು ಆ ಗೆರೆಯ ಮೇಲೇ ಗೋಡೆ ಒಡೆದ. ಅಮ್ಮ ಕೊನೆಯವರೆಗೂ ಆ ಬೆಳಕಿನಲ್ಲೇ ಕೂತಳು. ಅಂದು ಅವರು ಹೊರಡುವಾಗ ಕ್ಷಮೆ ಕೇಳಬೇಕೆಂದುಕೊಂಡೆ. "ಬಸ್ಸು ಹೊರಟೋಯ್ತದೆ, ಬತ್ತೀನಿ," ಎಂದು ಅವರು ಮೆಟ್ಟಿಲಿಳಿದೇಬಿಟ್ಟರು.

ಯುದ್ಧ ಮುಗಿದ ವರ್ಷ ಮೇಷ್ಟ್ರು ಜ್ವರದಲ್ಲಿ ತೀರಿಕೊಂಡರು. ತಿಥಿಯ ದಿನ ಕಂಪಲಾಪುರಕ್ಕೆ ಹೋದೆ. ಪಾಳು ಮನೆಯೆಂದು ಕೇಳಿದ್ದೆ. ಸುಣ್ಣ ಬಳಿದು, ಎರಡೂ ಕಡೆ ಕಿಟಕಿ ತೆರೆದು, ಒಳಗೆಲ್ಲ ಬೆಳ್ಳಗಿತ್ತು. ಮನೆಯ ಯಜಮಾನ ಹೊಗೆಸೊಪ್ಪು ಬೆಳೆಯುವ ರೈತ. ಜಗಲಿಯ ಮೇಲೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದ: "ಈಗ ಮನೆಗೆ ಒಳ್ಳೆ ಬೆಲೆ ಬತ್ತದೆ ಕಣ್ರೀ. ಆಯಮ್ಮನ್ನ ಎಂಗೆ ಎಬ್ಸಾದು ಅಂತ ನೋಡ್ತಾ ಇವ್ನಿ."

ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ. ನಾನು ಮಾಡಿದ್ದನ್ನೆಲ್ಲ ಅವನಿಗೆ ಹೇಳಿದೆ. ಬೆಲೆ ಬಂದ ಕೂಡಲೇ ಮಾರಿದ್ದು, ತಿಳಿಸಲು ಹೋದಾಗ ಅವರು ಕಲ್ಲು ಕೂರಿಸುತ್ತಿದ್ದದ್ದು, ಅದಕ್ಕಾಗಿ ಎರಡು ದಿನ ಕೇಳಿದ್ದು. ಅವನು ತಿರುಗಿ ಸುಣ್ಣದ ಗೋಡೆಯ ಮೇಲೆ ಕೈಯಾಡಿಸಿದ. ಆಮೇಲೆ ಎದ್ದು, ಹೆಗಲ ವಸ್ತ್ರ ಕೊಡವಿ, "ಆಯಮ್ಮ ಇರೋಗಂಟ ನಾನು ಮಾರಾಕಿಲ್ಲ ಬುಡಿ," ಎಂದ.

ಆಕೆ ಅಲ್ಲಿ ಇನ್ನೂ ಒಂಬತ್ತು ವರ್ಷ ಬದುಕಿದರು. ಕೊಳ್ಳುವವರು ಎಷ್ಟೋ ಸಲ ಬಂದರೂ ಆ ರೈತ ಮಾತಿಗೆ ತಪ್ಪಲಿಲ್ಲ. ಮೇಷ್ಟ್ರು ಬದುಕಿದ್ದಾಗ ಅಂಥದೊಂದು ಮಾತನ್ನು ನಾನೂ ಅವರಿಗೆ ಕೊಡಬಹುದಿತ್ತು.