ಗೋದಾಮಿನ ಚಿಲಕ

ಅಕ್ಕಲಕೋಟದ ಸಂಬಂಧ ಮುರಿದದ್ದು ಜಾತಕ ಕೂಡಲಿಲ್ಲಂತ ಅಲ್ಲ. ಹುಡುಗಿ ಕುರ್ಚಿ ಬಿಟ್ಟು ಏಳಲಿಲ್ಲ, ಅಷ್ಟ. ಜಾತಕದ ಮಾತು ಆಮ್ಯಾಲ ಮಂದಿಗೆ ಹೇಳಾಕ ಹುಟ್ಟಿದ್ದು.

ಸೋಲಾಪುರದಾಗ ನಮ್ಮದು ಚಾದರದ ದುಕಾನ. ನನ್ನ ಮೊಮ್ಮಗಳು ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿ ಕೆಲಸಾನ ಮನ್ಯಾಗ ಕೂತು ಮಾಡ್ತಾಳ. ಮನಿ ಮ್ಯಾಲಿನ ಗೋದಾಮಿನ್ಯಾಗ, ಚಾದರದ ಗಂಟುಗಳ ನಡುವ ಆಕಿ ಕುರ್ಚಿ. ಗೋದಾಮು ಅಂದಮ್ಯಾಲ ಚಿಲಕ ಹೊರಗ ಮಾತ್ರ. ಒಳಗ ಕೂತಾಕಿ ಬಾಗಲಾ ಹಾಕ್ಕೊಳ್ಳಾಕ ಬರೂದಿಲ್ಲ. ಯಾರ ಬೇಕಾದ್ರೂ ನುಗ್ಗತಾರ, ಒಬ್ರು ಗಂಟು ಒಯ್ಯಾಕ, ಒಬ್ರು "ಸ್ವಲ್ಪ ಕೊತ್ತಂಬರಿ ಸೋಸಿಕೊಡ" ಅನ್ನಾಕ.

ಆ ಕೆಲಸದಾಗ ಸುಖ ಇಲ್ಲಂತಲ್ಲ. ಆಕಿ ಪಗಾರ ಆಕಿ ಕೈಗೆ ಬರ್ತೈತಿ. ನನ್ನ ಕಣ್ಣಿನ ಆಪರೇಶನ್ ಆಕೀನ ಮಾಡಿಸಿದಳು, ಯಾರ ಮಾರಿನೂ ನೋಡಲಿಲ್ಲ. ಆದರ ಉಣ್ಣೂದೂ ಆ ಕಂಪ್ಯೂಟರ್ ಮಶೀನ್ ಮುಂದ. ನೀರು ಕುಡ್ಯಾಕ ಎದ್ರೂ ಅದು ಕರೀತೈತಿ. ನಮ್ಮತ್ತಿ ಎಷ್ಟ ಜೋರಿನಾಕಿ ಇದ್ರೂ ಮಧ್ಯಾಹ್ನ ಒಂದು ನಿದ್ದಿ ಮಾಡಾಕ ಬಿಡ್ತಿದ್ದಳು.

ಹುಡುಗನ ಮನಿಯವರನ್ನ ನನ್ನ ಮಗ ದುಕಾನದ ರಜಾ ದಿನ ನೋಡಿ ಕರದ. ಕಂಪನಿಗೆ ರಜಾ ಐತೇನಂತ ಕೇಳಲಿಲ್ಲ. "ಮನ್ಯಾಗನ ಇರ್ತಾಳಲ್ಲ!" ಅಂದ.

ಅವರು ಬಂದಾಗ ಆಕಿ ಮೀಟಿಂಗಿನ್ಯಾಗ. ಹುಡುಗನ ಅವ್ವ ಪೋಹೆ ತಿನಕೋತ ನಕ್ಕಳು: "ನಮಗ ಇಂಥಾಕೀನ ಬೇಕಾಗಿತ್ರಿ. ಪಗಾರನೂ ಬರ್ತೈತಿ, ಭಕ್ಕರಿನೂ ಆಗ್ತಾವ."

ನಮ್ಮ ಮನ್ಯಾಗ ಕೆಳಗಿನ ಮಾತು ಮ್ಯಾಲ ಕೇಳಸ್ತೈತಿ. ನಾ ಕರ್ಯಾಕ ಹೋದರ, ಒಂದ ಕಿವಿಗೆ ಹಾಕ್ಕೊಂಡಿದ್ದು ತಗದು ಅಂದಳು: "ಆಯಿ, ನಾ ಬರೂದಿಲ್ಲ."

"ಮೀಟಿಂಗ್ ಮುಗೀಲಿಲ್ಲೇನ?"

"ಮುಗೀತು."

ನಾ ಹೊರಗ ಬಂದು ಬಾಗಲಾ ಮುಂದ ಮಾಡಿ, ಅದರ ಎದುರಿಗೆ ಒಂದು ಗಂಟಿನ ಮ್ಯಾಲ ಕೂತೆ. ಸೊಸಿ ಬಂದಳು, ಮಗ ಬಂದ. "ಮೀಟಿಂಗ್ ಐತಿ" ಅಂದೆ. ಬೀಗರಾಗಬೇಕಾದವರು ಕಾದು ಕಾದು ಅಕ್ಕಲಕೋಟದ ದಾರಿ ಹಿಡದ್ರು.

ಆಮ್ಯಾಲ ಮಗ ಒಳಗ ನುಗ್ಗಿ ಚೀರಿದ: "ನಾಳಿಂದ ನೌಕರಿ ಬಂದ್!"

ಆಕಿ ತಲಿ ಎತ್ತಲಿಲ್ಲ. "ಬಿಟ್ಟರ ಲಗ್ನಾ ಮಾಡ್ತೀರಿ. ಬಿಡದಿದ್ರ ಈ ಕುರ್ಚಿ. ಎಲ್ಲಿ ಹೋಗ್ಲಿ, ಅಪ್ಪಾ?"

ಮಗ ಬಾಗಲದ ಕಡೆ ತಿರುಗಿದ. ಹೋಗೂವಾಗ ಬಾಗಲಾ ಎಳದು ಹೊರಗಿನ ಚಿಲಕ ಹಾಕಿ ಇಳದ. ಸಿಟ್ಟಿಗಲ್ಲ, ದುಕಾನದವರ ರೂಢಿ. ಆ ರೂಢಿಯಾಗ ಮಗಳು ಒಳಗ ಇದ್ದದ್ದನ್ನ ಮರತಿದ್ದ. ಹೊರಗ ಕೂತಿದ್ದ ನಾ ತಗದೆ.

ಮರುದಿನ ಮುಂಜಾನಿ ಚಹಾ ಕುಡಿಯೂಕಿಂತ ಮೊದಲ ಓಣಿಯ ಬಡಿಗ್ಯಾನ್ನ ಕರಕೊಂಡು ಬಂದೆ. ಆ ಚಿಲಕ ಕೀಳಿಸಿ ಬಾಗಲದ ಒಳಮಗ್ಗಲಿಗೆ ಹಚ್ಚಿಸಿದೆ.