ನದಿಗೆ ಸಿಂಗಾರ ಮಾಡಿದವನು

ನಮ್ಮದನ್ನು ನದಿ ಎಂದರೆ ದೊಡ್ಡ ನದಿಯ ದಡದವರು ನಗುತ್ತಾರೆ. ಗುಡ್ಡದ ಬಂಡೆಸಂದಿಯಲ್ಲಿ ಹುಟ್ಟಿ, ಒಡ್ಡಿನ ಹಿಂದೆ ಸ್ವಲ್ಪ ನಿಂತು, ಸ್ಮಶಾನವನ್ನು ಬಳಸಿ, ಬಟ್ಟೆ ಒಗೆಯುವ ಕಲ್ಲುಗಳ ನಡುವೆ ನುಸುಳಿ ದೊಡ್ಡ ನದಿಗೆ ಸೇರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಮೈಮೇಲೆ ಬರುತ್ತದೆ. ಬೇಸಿಗೆಯಲ್ಲಿ ಮೊಣಕಾಲು ಮುಳುಗದು. ಆದರೂ ಕೆಳಪೇಟೆ ಕುಡಿಯುವುದು ಅದನ್ನೇ. ಆಸ್ಪತ್ರೆಯ ಹಾಸುಬಟ್ಟೆ ಬೆಳ್ಳಗಾಗುವುದೂ ಅದರಲ್ಲೇ.

ಒಡ್ಡಿನ ಹಲಗೆಗಳನ್ನು ಎತ್ತಿ ಇಳಿಸಿ ನೀರು ಬಿಡುವ ಕೆಲಸ ತೂಬಣ್ಣನದು. ಮದುವೆಯಾದವನಲ್ಲ. ಉಣ್ಣುತ್ತಿದ್ದುದು ಅಕ್ಕನ ಮನೆಯಲ್ಲಿ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವವಳು, ನೀರಿಗಾಗಿ ನಾವು ಹೊರಡಿಸಿದ ಮೆರವಣಿಗೆಯ ಮೊದಲ ಸಾಲು. ಅವಳ ಬಾಯಿ ಎಂದರೆ ಪೊಲೀಸರೂ ಲಾಠಿ ಬಗಲಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ಸಿಮೆಂಟ್ ಕಾರ್ಖಾನೆ ನೀರೆಳೆಯಲು ನಮ್ಮ ನದಿಗೆ ಪೈಪು ಹಾಕಲು ಹೊರಟಿತು. ಅದರ ಮ್ಯಾನೇಜರು ಸಭೆಯಲ್ಲಿ, "ಅದೇನು ನದಿಯೇನ್ರೀ, ಚರಂಡಿ" ಎಂದು ನಕ್ಕ. ಬೇಸಿಗೆಯಲ್ಲಿ ನೀರು ಅಳೆಯಲು ಇಂಜಿನಿಯರು ಬಂದ ದಿನ ಪೊಲೀಸರು ದಡಕ್ಕೆ ಯಾರನ್ನೂ ಬಿಡಲಿಲ್ಲ. ಸೊಂಟದವರೆಗೆ ನೀರಿದೆ, ಧಾರಾಳವಾಗಿ ಕೊಡಬಹುದು ಎಂದು ವರದಿ ಹೋಯಿತು. ನಾವು ಆ ಇಂಜಿನಿಯರ ಮನೆಗೋಡೆಯ ಮೇಲೆ 'ಲಂಚಕೋರ' ಎಂದು ಬರೆದೆವು. ತೂಬಣ್ಣ ಬಣ್ಣದ ಡಬ್ಬಿ ಹಿಡಿದಿದ್ದ. ಕುಂಚ ಕೊಟ್ಟರೆ ಮುಟ್ಟಲೊಲ್ಲ; ಪೊಲೀಸರ ಭಯ ಎಂದುಕೊಂಡೆವು.

ನಮ್ಮ ದೂರಿನ ಮೇಲೆ ನಡೆದ ವಿಚಾರಣೆಗೆ ಅಕ್ಕನೇ ಮುಖ್ಯ ಸಾಕ್ಷಿ. ದಿನವೂ ಆ ನೀರಲ್ಲೇ ನಿಲ್ಲುವ ಅವಳು, ಅಳತೆಯ ದಿನ ಅಷ್ಟು ನೀರು ಇರಲು ಸಾಧ್ಯವೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳುವವಳು. ವಿಚಾರಣೆಯ ದಿನ ಬೆಳಿಗ್ಗೆ ತೂಬಣ್ಣ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತ.

"ಅಕ್ಕಾ, ಪ್ರಮಾಣ ಮಾಡಬೇಡ."

"ಯಾಕೋ? ಯಾರಾದ್ರೂ ಹೆದರಿಸಿದ್ರಾ?"

"ನೀರಿತ್ತು. ಮೊದಲೇ ಹಲಗೆ ಇಳಿಸಿ ತುಂಬಿಸಿಟ್ಟಿದ್ದೆ. ಅವರು ಬಂದಾಗ ಬಿಟ್ಟೆ. ಚರಂಡಿ ಅಂದ್ರಲ್ಲ... ನಮ್ಮ ನದಿ ಚೆನ್ನಾಗಿ ಕಾಣ್ಲಿ ಅಂತ."

ಅಕ್ಕ ಎತ್ತಿದ್ದ ಬಟ್ಟೆಯನ್ನು ಬಡಿಯಲಿಲ್ಲ.

"ಕಳ್ಳ ಬಂದ್ರೆ ಒಡವೆ ತೆಗೆದು ಹರಡ್ತಾರೇನೋ ಮುಂಡೇದೇ! ಇಷ್ಟು ದಿನ ನನ್ನ ಕೈಯಡುಗೆ ಉಂಡೆ, ಬಾಯಿ ಬಿಡಲಿಲ್ವಲ್ಲ?"

"ಗಂಟಲಲ್ಲಿ ಇಳೀತಿರಲಿಲ್ಲ ಅಕ್ಕಾ."

"ಎರಡೆರಡು ಸಲ ಬಡಿಸ್ಕೊಂಡಾಗ ಇಳೀತಲ್ಲ! ನಡಿ. ನೀನೇ ಹೇಳು."

"ಕೆಲಸ ಹೋಗತ್ತೆ."

"ಹೋಗ್ಲಿ. ನನ್ನ ಮಾತು ಹೋದ್ರೆ ಕೆಳಪೇಟೆಯ ನೀರೇ ಹೋಗತ್ತೆ."

ವಿಚಾರಣೆಯಲ್ಲಿ ಅಕ್ಕನ ಸರದಿ ಬಂದಾಗ ಅವಳು ತಮ್ಮನನ್ನು ಮುಂದಕ್ಕೆ ತಳ್ಳಿದಳು. ಅವನು ಟೇಬಲ್ಲಿನ ಕಾಲು ನೋಡುತ್ತಲೇ ಎಲ್ಲವನ್ನೂ ಹೇಳಿದ. ಇಂಜಿನಿಯರು ಎದ್ದು ನಿಂತರು. "ನನ್ನ ಮಗಳು ದಿನಾ ಗೋಡೆ ಮೇಲಿನ ಆ ಅಕ್ಷರ ನೋಡ್ಕೊಂಡೇ ಶಾಲೆಗೆ ಹೋಗೋದು" ಎಂದಷ್ಟೇ ಹೇಳಿ ಕುಳಿತರು. ಗಂಟಲು ಹರಿಯುವಂತೆ ಘೋಷಣೆ ಕೂಗುತ್ತಿದ್ದ ನಾವು ಬೆಂಚಿನಡಿ ಚಪ್ಪಲಿ ಹುಡುಕತೊಡಗಿದೆವು.

ಅವತ್ತೇ ತೂಬಣ್ಣನ ಕೈಯಿಂದ ಒಡ್ಡಿನ ಬೀಗದ ಕೈ ಕಿತ್ತುಕೊಂಡರು. ಅವನು ಬಕೆಟ್ಟು ಸುಣ್ಣ ಹಿಡಿದು ಹೋಗಿ ಆ ಗೋಡೆ ಬಳಿದ. ಕೆಂಪಕ್ಷರ ಸುಣ್ಣದೊಳಗಿಂದ ಮತ್ತೆ ಮತ್ತೆ ಇಣುಕುತ್ತಿತ್ತು. ಮತ್ತೆ ಬಳಿದ.

ನೀರನ್ನು ಹೊಸದಾಗಿ ಅಳೆದರು. ಮೊಣಕಾಲಿಗಿಂತ ಕೆಳಗೇ ಇತ್ತು. ಪೈಪು ಬೇಡವೇ ಬೇಡ ಎಂದಾಗಿದ್ದರೆ ಚೆನ್ನಾಗಿತ್ತು. ಆದರೆ ಅದನ್ನು ಅಷ್ಟರಲ್ಲಿ ಅರ್ಧ ದಾರಿ ಹೂತಾಗಿತ್ತು. ಮಳೆಗಾಲದಲ್ಲಿ ಮಾತ್ರ ನೀರು ಎಳೆಯಬೇಕೆಂದು ಆದೇಶವಾಯಿತು. ಈಗ ತೂಬಣ್ಣ ಅಕ್ಕನ ಜೊತೆ ಬಟ್ಟೆ ಒಗೆಯುತ್ತಾನೆ. ಮಳೆ ಹಿಡಿದು, ಮೇಲೆ ಒಡ್ಡಿನ ಕಡೆ ಕಾರ್ಖಾನೆಯ ಪಂಪು ಗುರುಗುಟ್ಟಲು ಶುರುವಾದರೆ ಅವನ ಕೈ ನಿಂತುಬಿಡುತ್ತದೆ.

"ಲೇ, ಆ ಕಡೆ ನೋಡಿದ್ದು ಸಾಕು" ಎನ್ನುತ್ತಾಳೆ ಅಕ್ಕ. "ಈ ತುದಿ ಹಿಡಿ."

ಅವನು ಹಿಡಿದು ಹಿಂಡುತ್ತಾನೆ.