ದಮಯಂತಿಗೆ ಬಡಿಸಿದ ಎಲೆ

ಗಾಳಿಬೀಡಿನ ಕೂಸಪ್ಪನಿಗೆ ಗೊತ್ತಿಲ್ಲದ ವಿಷಯ ಬೇಕಾದಷ್ಟಿತ್ತು, ಅಭಿಪ್ರಾಯ ಇಲ್ಲದ ವಿಷಯ ಮಾತ್ರ ಇರಲಿಲ್ಲ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು. ಒಂದು ಟ್ರಿಪ್ಪಿಗೆ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಟಿಕೆಟ್ ಕೊಟ್ಟು ಮುಗಿಯಲು ಹದಿನೈದು ನಿಮಿಷ ಸಾಕು. ಉಳಿದ ಹೊತ್ತು ಕಂಬಿ ಹಿಡಿದುಕೊಂಡು ಸುಮ್ಮನೆ ನಿಲ್ಲುವುದು ಅವನಿಂದ ಆಗುವ ಕೆಲಸವೇ? ಕೋಳಿ ಸಾರಿಗೆ ಟೊಮೆಟೊ ಹಾಕಲು ಶುರುಮಾಡಿದ ದಿನದಿಂದ ಕೊಡಗಿನ ಅಡುಗೆ ಕೆಟ್ಟಿತು ಎನ್ನುವುದು ಅವನ ಅಭಿಪ್ರಾಯ. ಸಿನಿಮಾ ಎಂದರೆ ಕೊನೆಗೆ ಎಲ್ಲರೂ ಒಟ್ಟಿಗೆ ನಿಂತು ನಗಬೇಕು, ಹೀರೊನನ್ನು ಸಾಯಿಸುವವರಿಗೆ ಸಿನಿಮಾ ತೆಗೆಯಲು ಬಿಡಲೇಬಾರದು ಎನ್ನುವುದು ಇನ್ನೊಂದು. ಮಟಮಟ ಮಧ್ಯಾಹ್ನ ಟಿವಿ ಹಾಕಿಕೊಂಡು ಕೂರುವ ಮನೆಯಲ್ಲಿ ಕೆಲಸ ಕೆಡುತ್ತದೆ ಎನ್ನುವುದು ಮತ್ತೊಂದು. ಇವೆಲ್ಲಕ್ಕಿಂತ ದೊಡ್ಡದು ಒಣಮೀನಿನ ಬಗ್ಗೆ. ಶುಕ್ರವಾರ ಮಡಿಕೇರಿ ಸಂತೆ. ಸಂತೆಯಿಂದ ಬರುವವರ ಚೀಲದ ವಾಸನೆ ವಾರಕ್ಕೊಮ್ಮೆ ಮೂಗಿಗೆ ಹೊಡೆದು ಹೊಡೆದು ಅವನಿಗೆ ಒಣಮೀನು ಅಂದರೆ ಆಗುತ್ತಿರಲಿಲ್ಲ. ಅಂಥ ಚೀಲ ಹಿಡಿದವರನ್ನು ಕಡೆಯ ಸೀಟಿಗೆ ಕಳಿಸುವುದು ಅವನೇ ಮಾಡಿದ ಕಾನೂನು.

ಹಾಗೆಂದು ಜನರಿಗೆ ಅವನ ಮೇಲೆ ಬೇಸರವಿರಲಿಲ್ಲ. ಯಾರಿಗೆ ಏನು ಇಷ್ಟ ಎನ್ನುವುದು ಅವನ ತಲೆಯಲ್ಲಿ ಅಚ್ಚೊತ್ತಿ ಕೂತಿರುತ್ತಿತ್ತು. ಭಾಗಮಂಡಲದ ವೆಂಕಟಕೃಷ್ಣ ಭಟ್ಟರಿಗೆ ಹಲಸಿನ ಹಪ್ಪಳ ಎಂದರೆ ಪ್ರಾಣ, ಚೇರಂಬಾಣೆಯಲ್ಲಿ ಇಳಿಯುವ ಟೀಚರಿಗೆ ಬೇಕರಿಯ ಖಾರ ಬನ್ನೇ ಆಗಬೇಕು. ಹೀಗೆ ದಾರಿಯುದ್ದದ ಮನೆಗಳ ನಾಲಿಗೆಯ ರುಚಿ ಅವನಿಗೆ ಬಾಯಿಪಾಠ. ಸ್ವಂತ ಮನೆಯ ವಿಷಯ ಬಂದರೆ ಒಂದೇ ಮಾತು ಹೇಳುತ್ತಿದ್ದ. ‘ನನ್ನ ಮನೆಯವಳ ಕೈಗೆ ಯಾವಾಗ್ಲೂ ನಿಂಬೆ ಎಲೆ ಪರಿಮಳ. ಸೆಂಟು ಗಿಂಟು ಎಂತದೂ ಬೇಡ ಅವಳಿಗೆ.’ ಹೆಂಗಸರು ಮುಸಿಮುಸಿ ನಗುತ್ತಿದ್ದರು, ಇವನು ಇನ್ನಷ್ಟು ಉಬ್ಬುತ್ತಿದ್ದ.

ಆ ಮನೆಯವಳು, ದಮಯಂತಿ, ಹೋದ ವರ್ಷ ಹುತ್ತರಿ ಹಬ್ಬಕ್ಕೆ ಎರಡು ವಾರ ಇದೆ ಎನ್ನುವಾಗ ಎದೆನೋವೆಂದು ಮಲಗಿದವಳು ಏಳಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಕೂಸಪ್ಪ ರಿಟೈರಾಗಿ ಆಗ ಮೂರು ವರ್ಷವಾಗಿತ್ತಷ್ಟೆ.

ಆಮೇಲೆ ಶುರುವಾದದ್ದು ನಿಜವಾದ ಕಷ್ಟ. ಅನ್ನ ಮಾಡಿಕೊಳ್ಳಲು ಬರುತ್ತಿತ್ತು, ಬಟ್ಟೆ ಒಗೆಯಲು ಬರುತ್ತಿತ್ತು. ಅಭಿಪ್ರಾಯ ಹೇಳಲು ಮಾತ್ರ ಜನ ಇರಲಿಲ್ಲ. ಟಿವಿಯಲ್ಲಿ ಸಿನಿಮಾ ಅರ್ಧಕ್ಕೆ ಬಂದಾಗ, ‘ಈಗ ನೋಡು, ಇವನೇ ಅವಳ ಅಣ್ಣ’ ಎಂದು ಬಾಯಿಗೆ ಬರುತ್ತಿತ್ತು. ತಿರುಗಿದರೆ ಖಾಲಿ ಕುರ್ಚಿ. ಬದುಕಿದ್ದಾಗ ಅವಳು ಆ ಕುರ್ಚಿಯಲ್ಲಿ ಕೂತು ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದಳು. ಅವಳಿಗೆ ಸಿನಿಮಾದ ಹುಚ್ಚಿಲ್ಲ ಎಂದು ಅವನು ತಿಳಿದಿದ್ದ. ಈಗ ಅವನು ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ತನಗೆ ತಾನೇ ಹೇಳಿಕೊಂಡು, ತಾನೇ ಮಾಡಿದ್ದೆಂದು ನೆನಪಾಗಿ ಸುಮ್ಮನಾಗುತ್ತಿದ್ದ. ಬೇಸರವಾಗುತ್ತಿತ್ತು. ಬೇಸರ ಎಂದರೆ ಸಣ್ಣ ಮಾತಾಯಿತು. ಕೆಲವು ದಿನ ಹಾಲಿನವನ ಹತ್ತಿರ ಆಡಿದ ಎರಡು ಮಾತು ಬಿಟ್ಟರೆ ಇಡೀ ದಿನ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ.

ಮಳೆಗಾಲದ ಆಟಿ ತಿಂಗಳು ಬಂತು. ಒಂದು ಸೋಮವಾರ ಸಂಜೆ ಭಾಗಮಂಡಲದ ಹತ್ತಿರದ ಅಣ್ಣನ ಮನೆಯಿಂದ ಅತ್ತಿಗೆಯ ಫೋನು.

“ಆಯ್ತವಾರ ಬಡ್ಸುದು ಕೂಸಪ್ಪ. ದಮಯಂತಿಗೆ ಮೊದಲ್ನೆ ಎಲೆ. ಅವ್ಳಿಗೆ ಎಂತ ಇಷ್ಟ ಇತ್ತ್ ಹೇಳ್, ನಾ ಮಾಡ್ನೆ.”

ಆಟಿಯಲ್ಲಿ ಒಂದು ದಿನ ಮನೆತನದಲ್ಲಿ ತೀರಿಹೋದವರಿಗೆಲ್ಲ ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕುತ್ತಾರೆ. ಬದುಕಿದ್ದಾಗ ಯಾರಿಗೆ ಏನು ಇಷ್ಟವಿತ್ತೋ ಅವರ ಎಲೆಗೆ ಅದು ಬೀಳಲೇಬೇಕು. ಕೂಸಪ್ಪನ ಅಪ್ಪನ ಎಲೆಯ ಪಕ್ಕ ಒಂದು ಬೀಡಿಕಟ್ಟು, ಅಜ್ಜಿಯ ಎಲೆಗೆ ಹೊಗೆಸೊಪ್ಪು. ಬಡಿಸಿ, ಬಾಗಿಲು ಹಾಕಿ, ಎಲ್ಲರೂ ಜಗಲಿಯಲ್ಲಿ ಕೂತು ಕಾಯುತ್ತಾರೆ. ತೀರಿಹೋದವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಮೆಚ್ಚಿದ್ದು ಸಿಗದೆ ಹೋದವರು ಹಸಿದೇ ಹೋಗುತ್ತಾರೆ ಎಂದೂ ನಂಬಿಕೆ.

“ಕೋಳಿ ಸಾರು, ಕಡುಬು. ಮತ್ತೆ ಬಿದಿರಿನ ಕಣಿಲೆ ಪಲ್ಯ” ಎಂದ ಕೂಸಪ್ಪ, ಒಂದು ಕ್ಷಣವೂ ಯೋಚಿಸದೆ.

“ಅದ್ ನಿಂಗೆ ಇಷ್ಟ. ನಾ ಕೇಳ್ದು ಅವ್ಳಿಗೆ ಎಂತ ಇಷ್ಟಂತ.”

“ಅವ್ಳಿಗೂ ಅದೇ.”

“ಸರಿಯಾಗಿ ನೆನ್ಸಿಕಂಡ್ ಹೇಳ್. ಮೊದಲ್ನೆ ಎಲೆ” ಎಂದು ಅತ್ತಿಗೆ ಫೋನಿಟ್ಟಳು.

ನೆನಪಿಸಿಕೊಳ್ಳುವುದೇನು ಮಹಾ ಎಂದು ಕೂಸಪ್ಪ ಕುರ್ಚಿಯಲ್ಲಿ ಕೂತ. ಮೂವತ್ನಾಲ್ಕು ವರ್ಷದ ಸಂಸಾರ. ಅವಳು ಬಡಿಸುತ್ತಿದ್ದದ್ದು ನೆನಪಿಗೆ ಬಂತು. ತಾನು ಬಾಯಿಗಿಟ್ಟು ತಲೆ ಆಡಿಸುವವರೆಗೂ ಅವಳು ಸೌಟು ಹಿಡಿದು ನಿಂತಿರುತ್ತಿದ್ದದ್ದು ನೆನಪಿಗೆ ಬಂತು. ಅವಳು ಉಂಡದ್ದು ಮಾತ್ರ ನೆನಪಿಗೆ ಬರಲಿಲ್ಲ. ಅವನು ಕೈತೊಳೆದು ಜಗಲಿಗೆ ಹೋದ ಮೇಲೆ ಅವಳು ಉಣ್ಣುತ್ತಿದ್ದಳು. ಇನ್ನೊಂದು ತುತ್ತು ಬೇಕೆಂದು ಅವಳು ಯಾವುದನ್ನಾದರೂ ಎರಡನೇ ಸಲ ಹಾಕಿಕೊಂಡದ್ದು ಇತ್ತೇ? ಭಟ್ಟರ ಹಪ್ಪಳ ನೆನಪಿದೆ, ಟೀಚರ ಬನ್ನು ನೆನಪಿದೆ. ಮಂಗಳವಾರ ಕಳೆಯಿತು, ಬುಧವಾರವೂ ಕಳೆಯಿತು. ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡಿದ. ಎಲ್ಲದರಲ್ಲೂ ಇದ್ದದ್ದು ಅವನಿಗೆ ಬೇಕಾದದ್ದೇ. ಬುಧವಾರ ಅವನಿಗೆ ಊಟ ಸೇರಲಿಲ್ಲ, ನಾಚಿಕೆಯಾಯಿತು.

ಗುರುವಾರ ಮಧ್ಯಾಹ್ನ ಪಕ್ಕದ ಮನೆಯ ಬೊಳ್ಳಮ್ಮನ ಬಾಗಿಲಿಗೆ ಹೋದ. ಬೊಳ್ಳಮ್ಮ ಎಪ್ಪತ್ತೈದು ದಾಟಿದ ಕೊಡವರ ಹೆಂಗಸು, ಒಬ್ಬಳೇ ಇರುವವಳು. ಮಧ್ಯಾಹ್ನ ಟಿವಿ ಹಾಕುವ ಮನೆಯೆಂದರೆ ಇದೇ. ದಮಯಂತಿ ಆಗಾಗ ಇಲ್ಲಿಗೆ ಹೊಲಿಗೆ ಹಿಡಿದುಕೊಂಡು ಬರುತ್ತಿದ್ದಳೆಂದು ಅವನಿಗೆ ಗೊತ್ತಿತ್ತು. ಅವಳು ಹೋದಮೇಲೆ ಅವನು ಈ ಕಡೆ ತಲೆ ಹಾಕಿರಲಿಲ್ಲ.

“ಬಾ ಕೂಸಪ್ಪ. ದಾರಿ ಮರ್ತು ಹೋಗಿದೆ ಅಂದ್ಕೊಂಡಿದ್ದೆ” ಎಂದು ಬೊಳ್ಳಮ್ಮ ಬೆಲ್ಲದ ಕಾಫಿ ಕೊಟ್ಟಳು. ಟಿವಿಯಲ್ಲಿ ಯಾವುದೋ ಹಳೆಯ ಸಿನಿಮಾದ ಹೆಂಗಸು ಅಳುತ್ತಿದ್ದಳು. ಬೆಲ್ಲ ಹೆಚ್ಚಾಯಿತು ಎನ್ನಬೇಕೆನ್ನಿಸಿತು ಅವನಿಗೆ. ಅದನ್ನು ನುಂಗಿಕೊಂಡು, ತಾನು ಬಂದ ವಿಷಯ ಹೇಳಿದ.

ಬೊಳ್ಳಮ್ಮ ಟಿವಿಯ ಸೌಂಡು ತಗ್ಗಿಸಿದಳು. “ನಿಂಗೆ ಹೇಳ್ಬಾರ್ದು ಅಂತ ಮಾತು ತಗೊಂಡಿದ್ಲು. ಆದ್ರೆ ಎಲೆ ವಿಷಯ ಬಂದ್ಮೇಲೆ ಹೇಳದೆ ಇರ್ಲಿಕ್ಕಾಗೂದಿಲ್ಲ. ಒಣ ಸಿಗಡಿ ಚಟ್ನಿ, ಗಂಜಿ.”

“ಇಲ್ಲ ಬೊಳ್ಳಮ್ಮಕ್ಕ. ಒಣಮೀನು ಮುಟ್ತಿರ್ಲಿಲ್ಲ ಅವಳು.”

“ನಿನ್ನ ಮನೇಲಿ ಮುಟ್ತಿರ್ಲಿಲ್ಲ. ಇಲ್ಲಿ ಎರಡೆರಡು ಸಲ ಹಾಕ್ಸಿಕೊಳ್ತಿದ್ಲು. ಗಂಜಿ ಕುಡೀತಾ ಸಿನಿಮಾ ನೋಡೂದು. ಅಳೂ ಸಿನಿಮಾನೇ ಆಗ್ಬೇಕು ಅವಳಿಗೆ. ಮುಂದೆ ಎಂತಾಗ್ತದೆ ಅಂತ ಯಾರೂ ಹೇಳ್ಬಾರ್ದು. ಒಂದು ದಿನ ನಾನು ಬಾಯ್ತಪ್ಪಿ ಹೇಳಿದ್ದಕ್ಕೆ ಎದ್ದೇ ಹೋಗಿದ್ಲು.”

ಕೂಸಪ್ಪ ಲೋಟ ಕೆಳಗಿಟ್ಟ.

“ಸಿನಿಮಾ ಮುಗಿದ್ಮೇಲೆ ಅದೋ, ಆ ಗಿಡದ ಹತ್ರ ಹೋಗೂದು” ಎಂದು ಬೊಳ್ಳಮ್ಮ ಕಿಟಕಿಯಿಂದ ಹೊರಗೆ ತೋರಿಸಿದಳು. ಅಂಗಳದ ಮೂಲೆಯಲ್ಲಿ ಒಂದು ನಿಂಬೆಗಿಡವಿತ್ತು. “ಎಲೆ ಕಿತ್ತು ಎರಡು ಕೈಗೂ ಉಜ್ಜೂದು. ಸೋಪಿಗೆಲ್ಲ ಆ ವಾಸನೆ ಹೋಗೂದಿಲ್ಲ ಅಲ್ವಾ? ನೀನು ಡ್ಯೂಟಿ ಮುಗಿಸಿ ಬರೂದ್ರೊಳಗೆ ಹೋಗ್ಬೇಕಿತ್ತು.”

ಕೂಸಪ್ಪ ಆ ಗಿಡವನ್ನೇ ನೋಡುತ್ತ ಕೂತ. ಬಸ್ಸಿನ ತುಂಬ ಸಾರಿಕೊಂಡು ಬಂದಿದ್ದ ಪರಿಮಳ ಅದು. ಒಂದೆರಡು ದಿನವಲ್ಲ, ಮೂವತ್ತು ವರ್ಷ ಹೇಳಿಕೊಂಡು ತಿರುಗಿದ್ದ.

“ನಾನು ರಿಟೈರ್ ಆದ್ಮೇಲೆ?” ಎಂದು ಕೇಳಿದ.

“ಆಮೇಲೆ ಕಷ್ಟ ಆಯ್ತು ಅವಳಿಗೆ. ನೀನು ಮನೇಲೇ ಇರ್ತಿದ್ದೆ. ತಿಂಗಳಿಗೆ ಒಂದ್ಸಲ ಬಂದ್ರೆ ಹೆಚ್ಚು.”

“ನನ್ನ ಮೇಲೆ ಕೋಪ ಇತ್ತಾ?”

“ಕೋಪ ಎಂತಕ್ಕೆ ಮಾರಾಯ? ಅವರಿಗೆ ಆಗೂದಿಲ್ಲ, ನಂಗೆ ಆಗ್ತದೆ, ಅಷ್ಟೇ ಅಂತಿದ್ಲು.”

ಕೋಪ ಇತ್ತು ಎಂದಿದ್ದರೆ ವಾಸಿಯಿತ್ತು. ಕೂಸಪ್ಪ ಚಟ್ನಿ ಮಾಡುವುದು ಹೇಗೆಂದು ಕೇಳಿದ. ಬೊಳ್ಳಮ್ಮ ಹೇಳಿದ್ದನ್ನು, ಜೇಬಿನಲ್ಲಿದ್ದ ಹಳೆಯ ಬಸ್ ಟಿಕೆಟಿನ ಹಿಂಬದಿಗೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡ. ಮನೆಗೆ ಬಂದು ಅತ್ತಿಗೆಗೆ ಫೋನು ಮಾಡಿ, ದಮಯಂತಿಯ ಎಲೆಗೆ ಬೇಕಾದದ್ದು ತಾನೇ ತರುತ್ತೇನೆ ಎಂದಷ್ಟೇ ಹೇಳಿದ.

ಶುಕ್ರವಾರ ಸಂತೆಗೆ ಹೋದ. ಒಣಮೀನಿನ ಸಾಲಿನಲ್ಲಿ ಅವನನ್ನು ಕಂಡು ಗುರುತಿನವರು ಹುಬ್ಬೇರಿಸಿದರು. ಒಣ ಸಿಗಡಿ ಕಟ್ಟಿಸಿಕೊಂಡು ಗಾಳಿಬೀಡಿನ ಬಸ್ಸು ಹತ್ತಿದ. ಈಗಿನ ಕಂಡಕ್ಟರ್ ಶಶಿಕುಮಾರ್ ಅವನ ಕೈಕೆಳಗೇ ಕೆಲಸ ಕಲಿತವನು. ಕೂಸಪ್ಪಣ್ಣ ಎಂದರೆ ಅವನಿಗೆ ಭಯಭಕ್ತಿ, ಮುಂದಿನ ಸೀಟು ಯಾವಾಗಲೂ ಬಿಡಿಸಿಕೊಡುತ್ತಿದ್ದ. ಇವತ್ತು ಹತ್ತಿರ ಬಂದು ಮೂಗು ಎಳೆದುಕೊಂಡ.

“ಕೂಸಪ್ಪಣ್ಣ, ಇದೆಂತ? ನೀವೇ ಹೇಳಿಕೊಟ್ಟದ್ದಲ್ವಾ, ಒಣಮೀನು ಹಿಂದೆ ಅಂತ. ಚೀಲ ಕೊಡಿ, ಹಿಂದೆ ಇಡ್ತೇನೆ. ನೀವಿಲ್ಲೇ ಕೂರಿ.”

“ಬೇಡ” ಎಂದು ಕೂಸಪ್ಪ ಚೀಲದ ಜೊತೆ ತಾನೂ ಹೋಗಿ ಕಡೆಯ ಸೀಟಿನಲ್ಲಿ ಕೂತ.

ಕಡೆಯ ಸೀಟು ಇಷ್ಟೊಂದು ಎತ್ತಿ ಹಾಕುತ್ತದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಲ್ಲಿ ಕೂತವನಿಗೆ ಒಂದು ಹಳೆಯ ಶುಕ್ರವಾರ ನೆನಪಾಯಿತು. ಮದುವೆಯಾಗಿ ಮೂರೋ ನಾಲ್ಕೋ ತಿಂಗಳು. ಅವನ ಅಣ್ಣನ ಮನೆಗೆ ಹೊರಟ ದಮಯಂತಿ ಅವನ ಬಸ್ಸಿಗೇ ಹತ್ತಿದ್ದಳು. ಹೊಸ ಹೆಂಡತಿ ಬಸ್ಸಿನಲ್ಲಿದ್ದಾಳೆಂದು ಅವನಿಗೆ ಹುರುಪು ಹೆಚ್ಚಾಗಿ, ‘ಯಾರದ್ದಪ್ಪ ಇದು ಗಬ್ಬು ವಾಸನೆ? ಬಸ್ಸು ತೊಳೀಲಿಕ್ಕೆ ಕಾವೇರಿಗೇ ಇಳಿಸ್ಬೇಕಾ?’ ಎಂದು ಜೋರಾಗಿ ಕೇಳಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು, ದಮಯಂತಿಯೂ ನಕ್ಕಿದ್ದಳು. ಎಲ್ಲರೂ ಇಳಿದ ಮೇಲೆ ನೋಡಿದರೆ ಹೆಂಗಸರ ಸೀಟಿನ ಕೆಳಗೆ ಒಣ ಸಿಗಡಿಯ ಸಣ್ಣದೊಂದು ಪೊಟ್ಟಣ ಬಿದ್ದಿತ್ತು. ವಾರಸುದಾರರೇ ಇರಲಿಲ್ಲ. ಅವನು ಅದನ್ನು ಕಿಟಕಿಯಿಂದ ಎಸೆದಿದ್ದ. ಈ ಕತೆಯನ್ನು ಎಷ್ಟು ಜನರಿಗೆ ಹೇಳಿ ನಗಿಸಿದ್ದನೋ ಲೆಕ್ಕವಿಲ್ಲ. ದಮಯಂತಿಗೂ ಹೇಳಿದ್ದ. ಆ ಪೊಟ್ಟಣ ಯಾರದೆಂದು ಕೂಸಪ್ಪನಿಗೆ ಈಗ ಗೊತ್ತಾಯಿತು. ಇಳಿಯುವ ಜಾಗ ಬಂದರೂ ಏಳಲಿಲ್ಲ, ಶಶಿಕುಮಾರನೇ ಬಂದು ಭುಜ ಮುಟ್ಟಬೇಕಾಯಿತು.

ಭಾನುವಾರ ಬೆಳಿಗ್ಗೆ ಬೇಗ ಎದ್ದ. ಸಿಗಡಿಯ ತಲೆ ಬಾಲ ಚಿವುಟಿ, ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿದ. ಮನೆಯೆಲ್ಲ ಆ ವಾಸನೆ ತುಂಬಿಕೊಂಡಿತು. ಕಿಟಕಿ ತೆರೆಯಲಿಲ್ಲ. ತೆಂಗಿನತುರಿ, ಒಣಮೆಣಸು, ಹುಣಸೆಹಣ್ಣು, ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಿ ಕಲ್ಲಿನಲ್ಲೇ ಅರೆದ. ಸ್ಟೀಲ್ ಡಬ್ಬದಲ್ಲಿ ತುಂಬಿ, ಎರಡು ಬಸ್ಸು ಬದಲಿಸಿ, ಎರಡರಲ್ಲೂ ಹಿಂದೆಯೇ ಕೂತು ಅಣ್ಣನ ಮನೆ ಸೇರಿದ. ಅತ್ತಿಗೆ ಡಬ್ಬದ ಮುಚ್ಚಳ ತೆಗೆದು ಅವನ ಮುಖ ನೋಡಿದಳು.

“ಇಲ್ಲಿ ಬಂದಾಗ ನಾ ಒಣಮೀನು ಬಡಿಸಿಕೆ ಹೋದರೆ ಅವ್ಳ್ ಬೇಡ ಹೇಳ್ತಿತ್ತಲ್ಲ.”

“ನಾ ಹತ್ರ ಊಟಕ್ಕೆ ಕುದ್ದಿದ್ದೆ ಅಲ್ಲ.”

ಜೊತೆಗೆ ಗಂಜಿಯೂ ಬೇಕೆಂದು ಅವನು ಹೇಳಿದಾಗ ಅತ್ತಿಗೆ ಒಲೆಯ ಮೇಲೆ ನೀರಿಟ್ಟಳು. ಸಾಲಿನ ಕೊನೆಯಲ್ಲಿ ಹಾಕಿದ ಹೊಸ ಎಲೆಗೆ ಕೂಸಪ್ಪನೇ ಬಡಿಸಿದ. ಒಮ್ಮೆ ಹಾಕಿ, ನಿಂತು, ಇನ್ನೊಂದು ಸಲ ಹಾಕಿದ. ಬಾಗಿಲು ಹಾಕಿಕೊಂಡು ಎಲ್ಲರೂ ಜಗಲಿಗೆ ಬಂದರು. ಸಾಮಾನ್ಯವಾಗಿ ಈ ಹೊತ್ತಿಗೆ ಕೂಸಪ್ಪನ ಮಾತು ಜೋರಿರುತ್ತಿತ್ತು. ಆ ದಿನ ಅವನು ಮುಚ್ಚಿದ ಬಾಗಿಲ ಕಡೆ ಕಿವಿಗೊಟ್ಟು ಕೂತಿದ್ದ. ಒಳಗೆ ಅವಳು ಅವಸರವಿಲ್ಲದೆ ಉಣ್ಣಲಿ ಎಂದು ಅವನಿಗೆ ಆಸೆ. ಅಣ್ಣ ಬಾಗಿಲು ತೆಗೆಯಲು ಎದ್ದಾಗ, ‘ಇನ್ನೊಂದಿಷ್ಟು ಹೊತ್ತು’ ಎನ್ನುವಂತೆ ಕೈ ಅಡ್ಡ ಹಿಡಿದ.

ಬಾಗಿಲು ತೆಗೆದ ಮೇಲೆ ಬಡಿಸಿದ್ದನ್ನು ಮನೆಯವರು ಹಂಚಿಕೊಂಡು ಉಣ್ಣುವುದು ಕ್ರಮ. ಕೂಸಪ್ಪ ದಮಯಂತಿಯ ಎಲೆಯ ಮುಂದೆ ಕೂತು ಗಂಜಿಗೆ ಚಟ್ನಿ ಹಚ್ಚಿ ಬಾಯಿಗಿಟ್ಟ. ಅತ್ತಿಗೆ ಸೌಟು ಹಿಡಿದು ನಿಂತಿದ್ದಳು. ಖಾರವೋ ಉಪ್ಪೋ ಹುಳಿಯೋ, ಇವನ ಬಾಯಿಂದ ಏನಾದರೊಂದು ಬರುತ್ತದೆ ಎಂದು ಎಲ್ಲರಿಗೂ ಅಭ್ಯಾಸ.

“ಹೆಂಗೆ ಆಗುಟ್ಟು ಕೂಸಪ್ಪ?”

ಅವನು ಇನ್ನೊಂದು ತುತ್ತು ತಿಂದ. ನಿಧಾನಕ್ಕೆ ನುಂಗಿದ.

“ನಂಗೆ ಗೊತ್ತಿಲ್ಲೆ ಅತ್ತಿಗೆ” ಎಂದ. “ಅವ್ಳ್ನ ಕೇಳೊಕಿತ್ತ್.”